ಡಿಸ್ಕ್ 60 ಜಿಬಿ ಇದೆ, ಆದರೂ ಜಾಗ ಇಲ್ಲ ಅಂತಿದೆ: ವಿಎಂ ಡಿಸ್ಕ್‌ನ ದೋಷ ಹುಡುಕುವುದು ಹೇಗೆ

ಬಿಲ್ಡ್ ಮುಕ್ಕಾಲು ಮುಗಿದಿರುತ್ತದೆ. ಟೀ ಕುಡಿದು ಬರೋಣ ಅಂತ ಎದ್ದು ಹೋಗಿರುತ್ತೀರಿ. ವಾಪಸ್ ಬಂದು ನೋಡಿದರೆ ಟರ್ಮಿನಲ್‌ನಲ್ಲಿ ಒಂದೇ ಸಾಲು: ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’. ವಿಎಂ (ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ಸೃಷ್ಟಿಸುವ ಇನ್ನೊಂದು ಕಂಪ್ಯೂಟರ್) ಮಾಡುವಾಗ 60 ಜಿಬಿ ಕೊಟ್ಟಿದ್ದು ಚೆನ್ನಾಗಿ ನೆನಪಿದೆ. ಪ್ರಾಜೆಕ್ಟ್ ಎಲ್ಲ ಸೇರಿಸಿದರೂ 15 ಜಿಬಿ ದಾಟುವುದಿಲ್ಲ. ಮತ್ತೆ ಜಾಗ ಎಲ್ಲಿ ಹೋಯಿತು?

ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗ ಒಮ್ಮೆ ಇದೇ ಪ್ರಶ್ನೆ ಹಿಡಿದು ಬಂದ. “ಸರ್, ಡಿಸ್ಕ್ ಇನ್ನೊಂದು 40 ಜಿಬಿ ಜಾಸ್ತಿ ಮಾಡಿಬಿಡಲಾ?” ಅಂದ. ಬೇರೆ ಕೆಲಸದಲ್ಲಿದ್ದೆ, “ಮಾಡು” ಅಂದುಬಿಟ್ಟೆ. ಅರ್ಧ ಗಂಟೆ ಬಿಟ್ಟು ಮತ್ತೆ ಬಂದ. ಡಿಸ್ಕ್ 100 ಜಿಬಿ ಆಗಿತ್ತು. ಎರರ್ ಮಾತ್ರ ಹಾಗೇ ಇತ್ತು. ತಪ್ಪು ಅವನದಲ್ಲ, ನೋಡದೆ ಹೂಂ ಅಂದ ನನ್ನದು.

ಮನೆಯ ನಲ್ಲಿಯಲ್ಲಿ ನೀರು ಬರದಿದ್ದರೆ ನಾವು ನೇರವಾಗಿ ಟ್ಯಾಂಕರ್‌ನವರಿಗೆ ಫೋನ್ ಮಾಡುವುದಿಲ್ಲ, ಅಲ್ವಾ? ಸಂಪಿನಲ್ಲಿ ನೀರಿದೆಯಾ, ಮೋಟಾರು ಓಡುತ್ತಿದೆಯಾ, ಮೇಲಿನ ಟ್ಯಾಂಕ್ ತುಂಬಿದೆಯಾ, ಯಾರಾದರೂ ವಾಲ್ವ್ ಮುಚ್ಚಿದ್ದಾರಾ ಅಂತ ಒಂದೊಂದಾಗಿ ನೋಡುತ್ತೇವೆ. ಸಂಪು ತುಂಬಿ ತುಳುಕುತ್ತಿದ್ದರೂ ವಾಲ್ವ್ ಮುಚ್ಚಿದ್ದರೆ ನಲ್ಲಿ ಒಣಗಿಯೇ ಇರುತ್ತದೆ. ವಿಎಂ ಡಿಸ್ಕ್‌ನದೂ ಇದೇ ಕಥೆ. ಎಲ್ಲಕ್ಕಿಂತ ಕೆಳಗೆ ಲ್ಯಾಪ್‌ಟಾಪ್‌ನ ನಿಜವಾದ ಡಿಸ್ಕ್. ಅದರಲ್ಲಿ ಒಂದು ದೊಡ್ಡ ಫೈಲ್: ವರ್ಚುವಲ್‌ಬಾಕ್ಸ್ ಆದರೆ ವಿಡಿಐ, ವಿಎಂವೇರ್ ಆದರೆ ವಿಎಂಡಿಕೆ, ಕೆವಿಎಂ ಆದರೆ ಸಾಮಾನ್ಯವಾಗಿ ಕ್ಯೂಕೌ2. ಗೆಸ್ಟ್ ಓಎಸ್, ಅಂದರೆ ವಿಎಂ ಒಳಗೆ ಓಡುವ ಓಎಸ್, ಆ ಫೈಲನ್ನೇ ಡಿಸ್ಕ್ ಅಂದುಕೊಂಡಿರುತ್ತದೆ. ಅದರೊಳಗೆ ಪಾರ್ಟಿಷನ್. ಅದರೊಳಗೆ ಎಷ್ಟೋ ಸಲ ಎಲ್‌ವಿಎಂ, ಅಂದರೆ ಜಾಗವನ್ನು ಬೇಕಾದಂತೆ ಹಂಚಿಕೊಡುವ ಪದರ. ಕೊನೆಗೆ ಫೈಲ್‌ಗಳ ಲೆಕ್ಕ ಇಡುವ ಫೈಲ್‌ಸಿಸ್ಟಂ. ಆ ಹುಡುಗ ಫೈಲನ್ನು ದೊಡ್ಡದು ಮಾಡಿದ್ದ. ಮೇಲಿನ ಮೂರು ಪದರಗಳಿಗೆ ಆ ಸುದ್ದಿಯೇ ತಲುಪಿರಲಿಲ್ಲ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ವಿಂಡೋಸ್ ಲ್ಯಾಪ್‌ಟಾಪ್, ಅದರಲ್ಲಿ ವರ್ಚುವಲ್‌ಬಾಕ್ಸ್, ಅದರೊಳಗೆ ಉಬುಂಟು ಸರ್ವರ್. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಮೊದಲು ಒಳಗಡೆ ನೋಡಿ

ಗೆಸ್ಟ್ ಒಳಗೆ ಲಾಗಿನ್ ಆಗಿ ‘ಡಿಎಫ್ -ಎಚ್’ ಕೊಡಿ. ಬರೀ ಶೇಕಡಾವಾರು ನೋಡಬೇಡಿ, ಯಾವ ಮೌಂಟ್ (ಫೈಲ್‌ಸಿಸ್ಟಂ ಜೋಡಿಸಿರುವ ಡೈರೆಕ್ಟರಿ) ತುಂಬಿದೆ ಅಂತ ನೋಡಿ. ‘/ಬೂಟ್’ ಬೇರೆ ಪಾರ್ಟಿಷನ್ ಆಗಿದ್ದು ಹಳೆಯ ಕರ್ನಲ್‌ಗಳಿಂದ ತುಂಬಿರಬಹುದು. ಆಗ ‘ಆಪ್ಟ್ ಆಟೋರಿಮೂವ್’ ಸಾಕು. ‘/ಟಿಎಂಪಿ’ ಕೆಲವು ಸಿಸ್ಟಂಗಳಲ್ಲಿ ಮೆಮೊರಿಯಲ್ಲಿ ಕೂತಿರುತ್ತದೆ. ಅದು ತುಂಬಿದರೂ ಎರರ್ ಇದೇ. ಅಲ್ಲಿ ಡಿಸ್ಕ್‌ನ ಪಾತ್ರವೇ ಇಲ್ಲ.

‘ಡಿಎಫ್ -ಎಚ್’ನಲ್ಲಿ 40 ಪರ್ಸೆಂಟ್ ಖಾಲಿ ಇದ್ದರೂ ಎರರ್ ಬರುತ್ತಿದೆಯಾ? ಹಾಗಾದರೆ ‘ಡಿಎಫ್ -ಐ’ ಕೊಡಿ. ಇದು ಐನೋಡ್ ಲೆಕ್ಕ, ಅಂದರೆ ಪ್ರತಿ ಫೈಲಿನ ವಿವರ ಇಡುವ ದಾಖಲೆಗಳದು. ಎಕ್ಸ್‌ಟಿ4 ಫೈಲ್‌ಸಿಸ್ಟಂ ಮಾಡುವಾಗಲೇ ಐನೋಡ್‌ಗಳ ಸಂಖ್ಯೆ ನಿಗದಿಯಾಗುತ್ತದೆ. ಸಾಮಾನ್ಯವಾಗಿ 16 ಕೆಬಿಗೆ ಒಂದು. ಅಂದರೆ 30 ಜಿಬಿಗೆ ಸುಮಾರು 20 ಲಕ್ಷ. ಒಂದು ಫೈಲ್‌ಗೆ ಒಂದು ಐನೋಡ್, ಫೈಲ್ ಎಷ್ಟೇ ಚಿಕ್ಕದಿರಲಿ. ಇಪ್ಪತ್ತು ಲಕ್ಷ ಅಂದರೆ ಮುಗಿಯುವುದೇ ಇಲ್ಲ ಅನ್ನಿಸುತ್ತದೆ. ನೋಡ್ ಜೆಎಸ್ ಪ್ರಾಜೆಕ್ಟ್‌ಗಳು ಹತ್ತಿಪ್ಪತ್ತು ಇದ್ದು, ಪ್ರತಿಯೊಂದರಲ್ಲೂ ಒಂದೊಂದು ‘ನೋಡ್ ಮಾಡ್ಯೂಲ್ಸ್’ ಫೋಲ್ಡರ್ ಇದ್ದರೆ ಮುಗಿಯುತ್ತದೆ, ನಂಬಿ. ಕೆಲಸ ಮುಗಿದ ಪ್ರಾಜೆಕ್ಟ್‌ಗಳಿಂದ ಆ ಫೋಲ್ಡರ್ ಅಳಿಸಿ. ಬೇಕಾದಾಗ ಮತ್ತೆ ಇನ್‌ಸ್ಟಾಲ್ ಮಾಡಿಕೊಳ್ಳಬಹುದು.

ಇನ್ನೊಂದು ವಿಚಿತ್ರ ಇದೆ. ಡಿಎಫ್ ಪಟ್ಟಿಯಲ್ಲಿ ಬಳಸಿದ್ದು, ಉಳಿದದ್ದು ಎರಡನ್ನೂ ಕೂಡಿದರೆ ಒಟ್ಟು ಬರುವುದಿಲ್ಲ. ಎಕ್ಸ್‌ಟಿ4 ಶೇ 5ರಷ್ಟು ಜಾಗವನ್ನು ರೂಟ್‌ಗೆ (ಸಿಸ್ಟಂನ ಪೂರ್ಣ ಅಧಿಕಾರ ಇರುವ ಯೂಸರ್‌ಗೆ) ಅಂತ ಎತ್ತಿಡುತ್ತದೆ. ನಿಮ್ಮ ಯೂಸರ್‌ಗೆ ಜಾಗ ಇಲ್ಲ ಅನ್ನುವಾಗಲೂ ರೂಟ್ ಅಧಿಕಾರ ಕೊಡುವ ಸುಡೊ ಹಾಕಿದರೆ ಫೈಲ್ ಬರೆಯಲು ಆಗುವುದು ಇದರಿಂದಲೇ. 30 ಜಿಬಿಯಲ್ಲಿ ಒಂದೂವರೆ ಜಿಬಿ. ಇದನ್ನು ಕಡಿಮೆ ಮಾಡುವ ಉಪಾಯ ಇದೆ, ಆದರೆ ರೂಟ್ ಪಾರ್ಟಿಷನ್‌ನಲ್ಲಿ (ಸಿಸ್ಟಂ ಇರುವ ‘/’ನಲ್ಲಿ) ಹಾಗೇ ಬಿಡಿ. ಸಿಸ್ಟಂ ಪೂರ್ತಿ ಕಟ್ಟಿಕೊಂಡಾಗ ಒಳಗೆ ಹೋಗಿ ರಿಪೇರಿ ಮಾಡಲು ಅದೇ ಆಸರೆ.

ಜಾಗ ನಿಜವಾಗಿಯೂ ತುಂಬಿದ್ದರೆ ಯಾರು ತುಂಬಿಸಿದರು ಅಂತ ನೋಡಬೇಕು: ‘ಸುಡೊ ಡಿಯು -ಎಕ್ಸ್ -ಎಚ್ -ಡಿ 1 /’. ಎಕ್ಸ್ ಮರೆಯಬೇಡಿ. ಅದಿಲ್ಲದಿದ್ದರೆ ಹೋಸ್ಟ್‌ನಿಂದ (ವಿಎಂ ಓಡಿಸುತ್ತಿರುವ ಲ್ಯಾಪ್‌ಟಾಪ್‌ನಿಂದ) ಶೇರ್ ಮಾಡಿದ ಫೋಲ್ಡರ್ ಕೂಡ ಎಣಿಸಿಕೊಂಡು ಸುಮ್ನೆ ದಾರಿ ತಪ್ಪಿಸುತ್ತದೆ. ದೊಡ್ಡ ಡೈರೆಕ್ಟರಿ ಸಿಕ್ಕಿತಾ, ಅದರೊಳಗೆ ಹೋಗಿ ಮತ್ತೆ ಅದೇ ಕಮಾಂಡ್. ಹೀಗೆ ನಾಲ್ಕು ಸಲ ಇಳಿದರೆ ಕಳ್ಳ ಸಿಗುತ್ತಾನೆ.

ಡೆವಲಪ್‌ಮೆಂಟ್ ವಿಎಂಗಳಲ್ಲಿ ನಾನು ಕಂಡ ಹಾಗೆ ಆ ಕಳ್ಳ ಹೆಚ್ಚಾಗಿ ಇರುವುದು ‘/ವಾರ್/ಲಿಬ್/ಡಾಕರ್’ನಲ್ಲಿ. ಡಾಕರ್ ಅಂದರೆ ಪ್ರೋಗ್ರಾಂಗಳನ್ನು ಕಂಟೇನರ್ ಅನ್ನುವ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಧನ. ‘ಡಾಕರ್ ಸಿಸ್ಟಂ ಡಿಎಫ್’ ಕೊಟ್ಟರೆ ಇಮೇಜ್‌ಗಳು, ಕಂಟೇನರ್‌ಗಳು, ವಾಲ್ಯೂಮ್‌ಗಳು, ಬಿಲ್ಡ್ ಕ್ಯಾಶ್ ಎಷ್ಟೆಷ್ಟು ತಿಂದಿವೆ ಅಂತ ಬೇರೆಬೇರೆಯಾಗಿ ತೋರಿಸುತ್ತದೆ. ಬಿಲ್ಡ್ ಕ್ಯಾಶ್ ಅಳಿಸಲು ‘ಡಾಕರ್ ಬಿಲ್ಡರ್ ಪ್ರೂನ್’. ಇದರಲ್ಲಿ ಹೆದರುವಂಥದ್ದೇನಿಲ್ಲ, ಮುಂದಿನ ಬಿಲ್ಡ್ ನಿಧಾನ ಆಗುತ್ತದೆ ಅಷ್ಟೇ. ಆದರೆ ಪ್ರೂನ್ ಜೊತೆ ‘ವಾಲ್ಯೂಮ್ಸ್’ ಆಪ್ಷನ್ ಹಾಕುವ ಮುಂಚೆ ಎರಡು ಸಲ ಯೋಚಿಸಿ. ಟೆಸ್ಟ್ ಡೇಟಾಬೇಸ್ ಇರುವುದು ಅಲ್ಲೇ. ಜಾಗ ಸಿಕ್ಕಿತು, ಡೇಟಾ ಹೋಯಿತು ಅನ್ನುವ ಹಾಗಾಗಬಾರದು.

ಜರ್ನಲ್ ಲಾಗ್‌ಗಳನ್ನೂ ಒಮ್ಮೆ ನೋಡಿ: ‘ಜರ್ನಲ್‌ಸಿಟಿಎಲ್ --ಡಿಸ್ಕ್-ಯೂಸೇಜ್’. ಸುಮ್ಮನೆ ಬಿಟ್ಟರೆ ಅದು ಫೈಲ್‌ಸಿಸ್ಟಂನ ಶೇ 10ರವರೆಗೆ, ಗರಿಷ್ಠ 4 ಜಿಬಿವರೆಗೆ ಬೆಳೆಯುತ್ತದೆ. ‘--ವ್ಯಾಕ್ಯೂಮ್-ಸೈಜ್’ ಕೊಟ್ಟು 200 ಎಂಬಿಗೆ ಇಳಿಸಿದರೆ ಡೆವಲಪ್‌ಮೆಂಟ್ ಮಷೀನಿಗೆ ಧಾರಾಳ ಆಯಿತು.

ಡಿಎಫ್ ಒಂದು ಹೇಳುತ್ತದೆ, ಡಿಯು ಇನ್ನೊಂದು

ಡಿಎಫ್ ಪ್ರಕಾರ 29 ಜಿಬಿ ತುಂಬಿದೆ. ಡಿಯು ಎಲ್ಲ ಕೂಡಿಸಿದರೂ 17 ಜಿಬಿ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಯಾರೋ ಒಂದು ದೊಡ್ಡ ಲಾಗ್ ಫೈಲ್ ಅಳಿಸಿದ್ದಾರೆ, ಆದರೆ ಅದನ್ನು ತೆರೆದಿಟ್ಟುಕೊಂಡ ಪ್ರೋಗ್ರಾಂ ಇನ್ನೂ ಓಡುತ್ತಿದೆ. ಲಿನಕ್ಸ್‌ನಲ್ಲಿ ಫೈಲ್ ಅಳಿಸಿದರೆ ಹೋಗುವುದು ಹೆಸರು ಮಾತ್ರ. ಹಿಡಿದುಕೊಂಡವರು ಕೈಬಿಡುವವರೆಗೆ ಜಾಗ ವಾಪಸ್ ಬರುವುದಿಲ್ಲ. ಡಿಯು ಹೆಸರುಗಳನ್ನು ಹಿಡಿದು ಎಣಿಸುತ್ತದೆ. ಡಿಎಫ್ ಫೈಲ್‌ಸಿಸ್ಟಂನ ಲೆಕ್ಕದ ಪುಸ್ತಕ ಓದುತ್ತದೆ.

‘ಸುಡೊ ಎಲ್‌ಎಸ್‌ಓಎಫ್ +ಎಲ್1’ ಕೊಡಿ. ಪ್ಲಸ್ ಆದ ಮೇಲಿನ ಎಲ್ ದೊಡ್ಡಕ್ಷರ. ಅಳಿಸಿದರೂ ಸಾಯದ ಫೈಲ್‌ಗಳ ಪಟ್ಟಿ, ಹಿಡಿದುಕೊಂಡ ಪ್ರೋಗ್ರಾಂನ ಹೆಸರು ಎರಡೂ ಬರುತ್ತವೆ. ಆ ಸರ್ವೀಸ್ ರೀಸ್ಟಾರ್ಟ್ ಮಾಡಿ, ಜಾಗ ತಕ್ಷಣ ಬರುತ್ತದೆ. ಮುಂದಿನ ಸಲ ಓಡುತ್ತಿರುವ ಪ್ರೋಗ್ರಾಂನ ಲಾಗ್ ಅಳಿಸುವ ಬದಲು ‘ಟ್ರಂಕೇಟ್ -ಎಸ್ 0’ ಕೊಟ್ಟು ಖಾಲಿ ಮಾಡಿ.

ಪಟ್ಟಿ ಖಾಲಿ ಬಂತಾ? ಹಾಗಾದರೆ ಫೈಲ್‌ಗಳು ಮೌಂಟ್ ಕೆಳಗೆ ಅಡಗಿರಬಹುದು. ಶೇರ್ಡ್ ಫೋಲ್ಡರ್ ಮೌಂಟ್ ಆಗದೇ ಇದ್ದ ಒಂದು ದಿನ ನಿಮ್ಮ ಬ್ಯಾಕಪ್ ಸ್ಕ್ರಿಪ್ಟ್ ಅದೇ ಹೆಸರಿನ ಖಾಲಿ ಡೈರೆಕ್ಟರಿಗೆ 12 ಜಿಬಿ ಬರೆದಿರುತ್ತದೆ. ಮಾರನೇ ದಿನ ಅದರ ಮೇಲೆ ಮೌಂಟ್ ಆಗುತ್ತದೆ. ಕೆಳಗಿದ್ದದ್ದು ಕಣ್ಣಿಗೆ ಬೀಳುವುದಿಲ್ಲ, ಜಾಗ ಮಾತ್ರ ತಿನ್ನುತ್ತಿರುತ್ತದೆ. ‘ಸುಡೊ ಮೌಂಟ್ --ಬೈಂಡ್ / /ಎಂಎನ್‌ಟಿ’ ಮಾಡಿ, ‘/ಎಂಎನ್‌ಟಿ’ ಒಳಗೆ ಡಿಯು ಓಡಿಸಿದರೆ ಅದು ಹೊರಗೆ ಬರುತ್ತದೆ. ಇದನ್ನು ಹುಡುಕಲು ನಾನು ಒಂದು ಇಡೀ ಶನಿವಾರ ಕಳೆದಿದ್ದೇನೆ.

ಅರ್ಧ ಡಿಸ್ಕ್ ಕೊಡದ ಇನ್‌ಸ್ಟಾಲರ್

ಈಗ ಆ ಹುಡುಗನ ಮಷೀನಿಗೆ ಬರೋಣ. ಅಲ್ಲಿ ಡಿಎಫ್ ಪ್ರಕಾರ ರೂಟ್ ಫೈಲ್‌ಸಿಸ್ಟಂನ ಒಟ್ಟು ಗಾತ್ರವೇ 29 ಜಿಬಿ. ‘ಎಲ್‌ಎಸ್‌ಬಿಎಲ್‌ಕೆ’ ಕೊಟ್ಟಾಗ ಡಿಸ್ಕ್ 100 ಜಿಬಿ, ಮೂರನೇ ಪಾರ್ಟಿಷನ್ ಸುಮಾರು 58, ಅದರೊಳಗೆ ‘ಉಬುಂಟು-ಎಲ್‌ವಿ’ 29. ಒಂದೇ ಚಿತ್ರದಲ್ಲಿ ಎರಡು ವಾಲ್ವ್‌ಗಳು ಮುಚ್ಚಿದ್ದು ಕಾಣುತ್ತದೆ. ಅದರಲ್ಲಿ ಎರಡನೆಯದು ಮೊದಲ ದಿನದಿಂದಲೂ ಮುಚ್ಚಿತ್ತು.

ಉಬುಂಟು ಸರ್ವರ್ ಇನ್‌ಸ್ಟಾಲರ್ ತಾನಾಗಿ ಎಲ್‌ವಿಎಂ ಹಾಕಿದಾಗ ಜಾಗವನ್ನೆಲ್ಲ ರೂಟ್‌ಗೆ ಕೊಡುವುದಿಲ್ಲ. 20ರಿಂದ 200 ಜಿಬಿ ನಡುವಿನ ಡಿಸ್ಕ್ ಆದರೆ ಅರ್ಧ ಮಾತ್ರ ಕೊಟ್ಟು ಉಳಿದರ್ಧ ಖಾಲಿ ಇಡುತ್ತದೆ. 200 ದಾಟಿದರೆ ಎಷ್ಟೇ ದೊಡ್ಡದಿದ್ದರೂ ರೂಟ್‌ಗೆ 100 ಜಿಬಿ. ಮುಂದೆ ಸ್ನ್ಯಾಪ್‌ಶಾಟ್‌ಗೋ (ಆ ಕ್ಷಣದ ಡಿಸ್ಕ್ ಸ್ಥಿತಿಯನ್ನು ಉಳಿಸಿಡುವುದಕ್ಕೋ) ಬೇರೆ ವಾಲ್ಯೂಮಿಗೋ ಬೇಕಾಗಬಹುದು ಅಂತ ಈ ಏರ್ಪಾಡು. ಸರ್ವರ್ ಕೋಣೆಯಲ್ಲಿ ಸರಿ. ಲ್ಯಾಪ್‌ಟಾಪ್‌ನ ವಿಎಂಗೆ ಇದು ಶುದ್ಧ ತಲೆನೋವು ಅಂತ ನನ್ನ ಅಭಿಪ್ರಾಯ. ಎಷ್ಟೋ ಜನ ವರ್ಷಗಟ್ಟಲೆ ಅರ್ಧ ಡಿಸ್ಕ್‌ನಲ್ಲೇ ಸಂಸಾರ ಮಾಡುತ್ತಿರುತ್ತಾರೆ.

‘ಸುಡೊ ವಿಜಿಎಸ್’ ಕೊಟ್ಟು ವಿಫ್ರೀ ಅನ್ನುವ ಕಾಲಂ ನೋಡಿ. ಅಲ್ಲಿ ಸೊನ್ನೆ ಬಿಟ್ಟು ಬೇರೇನಾದರೂ ಇದ್ದರೆ ಹೋಸ್ಟ್ ಕಡೆ ತಲೆ ಹಾಕುವ ಅಗತ್ಯವೇ ಇಲ್ಲ. ಈ ಒಂದು ಕಮಾಂಡ್ ಸಾಕು: ‘ಸುಡೊ ಎಲ್‌ವಿಎಕ್ಸ್‌ಟೆಂಡ್ -ಆರ್ -ಎಲ್ +100%ಫ್ರೀ /ಡೆವ್/ಉಬುಂಟು-ವಿಜಿ/ಉಬುಂಟು-ಎಲ್‌ವಿ’. ಇಲ್ಲಿ ಎಲ್ ಸಣ್ಣಕ್ಷರ, ಫ್ರೀ ಪೂರ್ತಿ ದೊಡ್ಡಕ್ಷರ. ಆರ್ ಹಾಕಿದರೆ ಒಳಗಿನ ಫೈಲ್‌ಸಿಸ್ಟಂ ಕೂಡ ಜೊತೆಗೇ ಬೆಳೆಯುತ್ತದೆ. ಎಕ್ಸ್‌ಟಿ4, ಎಕ್ಸ್‌ಎಫ್‌ಎಸ್ ಎರಡಕ್ಕೂ ಆಗುತ್ತದೆ. ವಿಎಂ ನಿಲ್ಲಿಸಬೇಕಾಗಿಯೂ ಇಲ್ಲ.

ನಿಜವಾಗಿಯೂ ದೊಡ್ಡದು ಮಾಡಬೇಕಾದಾಗ

ಕಸ ತೆಗೆದಾಯಿತು, ವಿಫ್ರೀ ಕೂಡ ಸೊನ್ನೆ. ಈಗ ಡಿಸ್ಕ್ ಬೆಳೆಸುವುದು ನ್ಯಾಯ. ಮೊದಲು ವಿಎಂ ಪೂರ್ತಿ ಶಟ್‌ಡೌನ್ ಮಾಡಿ. ಸೇವ್ ಸ್ಟೇಟ್‌ನಲ್ಲಿ ಮಲಗಿಸಿದ್ದರೆ ಆಗುವುದಿಲ್ಲ. ವಿಡಿಐ ಫೈಲಿನ ಒಂದು ಕಾಪಿ ಬೇರೆ ಡಿಸ್ಕ್‌ಗೆ ಹಾಕಿಕೊಳ್ಳಿ. ಎಕ್ಸ್‌ಟರ್ನಲ್ ಡ್ರೈವ್ ಎಫ್‌ಎಟಿ32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಇರಬೇಕು.

ನಂತರ ಸ್ನ್ಯಾಪ್‌ಶಾಟ್ ಇದೆಯಾ ನೋಡಿ. ಹೆಚ್ಚಿನವರು ಎಡವುವುದು ಇಲ್ಲೇ. ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಿಂದ ಹೊಸ ಬರಹವೆಲ್ಲ ಮೂಲ ವಿಡಿಐಗೆ ಹೋಗುವುದಿಲ್ಲ, ಅದರ ಮೇಲೆ ಹುಟ್ಟಿದ ಇನ್ನೊಂದು ಫೈಲಿಗೆ ಹೋಗುತ್ತದೆ. ವಿಎಂ ನೋಡುವುದು ಆ ಮೇಲಿನ ಫೈಲನ್ನು. ನೀವು ಮೂಲದ ಗಾತ್ರ ಬದಲಿಸಿದರೂ ಅದಕ್ಕೆ ಕಾಣುವುದು ಹಳೆಯ ಗಾತ್ರ. ಹಾಗಾಗಿ ಸ್ನ್ಯಾಪ್‌ಶಾಟ್‌ಗಳನ್ನು ವರ್ಚುವಲ್‌ಬಾಕ್ಸ್ ಒಳಗಿನಿಂದಲೇ ಡಿಲೀಟ್ ಮಾಡಿ. ಡಿಲೀಟ್ ಅಂದರೂ ಅದು ನಿಜವಾಗಿ ಮಾಡುವುದು ವಿಲೀನ. ಅದಕ್ಕೆ ಸಮಯ ಬೇಕು, ನಡುವೆ ಹೋಸ್ಟ್‌ನಲ್ಲಿ ಹೆಚ್ಚುವರಿ ಜಾಗವೂ ಬೇಕಾಗಬಹುದು. ಸ್ನ್ಯಾಪ್‌ಶಾಟ್ಸ್ ಫೋಲ್ಡರ್‌ಗೆ ಹೋಗಿ ಕೈಯಾರೆ ಫೈಲ್ ಅಳಿಸುವ ಆಸೆ ಬರುತ್ತದೆ, ಯಾಕಂದರೆ ಅಲ್ಲಿ 20, 30 ಜಿಬಿಯ ಫೈಲ್‌ಗಳು ಕಣ್ಣು ಕುಕ್ಕುತ್ತಿರುತ್ತವೆ. ದಯವಿಟ್ಟು ಬೇಡ. ಒಂದು ಕೊಂಡಿ ಹೋದರೆ ಅದರ ಮೇಲಿನದೆಲ್ಲ ಹೋದಂತೆ.

ಈಗ ಹೋಸ್ಟ್‌ನಲ್ಲಿ ‘ವಿಬಾಕ್ಸ್‌ಮ್ಯಾನೇಜ್ ಮಾಡಿಫೈಮೀಡಿಯಂ ಡಿಸ್ಕ್’, ನಂತರ ಫೈಲಿನ ದಾರಿ, ನಂತರ ‘--ರೀಸೈಜ್ 102400’. ಲೆಕ್ಕ ಎಂಬಿಯಲ್ಲಿ. ಹಾಗಾಗಿ 100 ಜಿಬಿಗೆ 100ನ್ನು 1024ರಿಂದ ಗುಣಿಸಿದ ಸಂಖ್ಯೆ. ಕಮಾಂಡ್ ಬೇಡ ಅನ್ನುವವರು ವರ್ಚುವಲ್ ಮೀಡಿಯಾ ಮ್ಯಾನೇಜರ್‌ನಲ್ಲಿ ಸ್ಲೈಡರ್ ಎಳೆಯಬಹುದು. ಹಿಂದಕ್ಕೆ ಎಳೆದು ಚಿಕ್ಕದು ಮಾಡಲು ಮಾತ್ರ ಆಗುವುದಿಲ್ಲ. ನಿಮ್ಮದು ವಿಎಂಡಿಕೆ ಫೈಲ್ ಆಗಿದ್ದು ರೀಸೈಜ್ ಒಪ್ಪದಿದ್ದರೆ ‘ಕ್ಲೋನ್‌ಮೀಡಿಯಂ’ನಿಂದ ವಿಡಿಐ ಮಾಡಿಕೊಂಡು ಮುಂದುವರಿಯಿರಿ.

ವಿಎಂ ಆನ್ ಮಾಡಿ, ಪದರಗಳಿಗೆ ಸುದ್ದಿ ಮುಟ್ಟಿಸುತ್ತಾ ಬನ್ನಿ. ಪಾರ್ಟಿಷನ್‌ಗೆ ‘ಸುಡೊ ಗ್ರೋಪಾರ್ಟ್ /ಡೆವ್/ಎಸ್‌ಡಿಎ 3’. ಡಿಸ್ಕಿನ ಹೆಸರಿಗೂ 3ಕ್ಕೂ ನಡುವೆ ಸ್ಪೇಸ್ ಬೇಕು, ಅದನ್ನು ಬಿಟ್ಟು ಎರರ್ ತೆಗೆದುಕೊಳ್ಳದವರೇ ಇಲ್ಲ. ಎಲ್‌ವಿಎಂಗೆ ‘ಸುಡೊ ಪಿವಿರೀಸೈಜ್ /ಡೆವ್/ಎಸ್‌ಡಿಎ3’. ಇಲ್ಲಿ ಸ್ಪೇಸ್ ಇಲ್ಲ! ಕೊನೆಗೆ ಮೇಲೆ ಹೇಳಿದ ಎಲ್‌ವಿಎಕ್ಸ್‌ಟೆಂಡ್. ಎಲ್‌ವಿಎಂ ಇಲ್ಲದ ಮಷೀನಾದರೆ ಗ್ರೋಪಾರ್ಟ್ ಆದ ಮೇಲೆ ನೇರವಾಗಿ ‘ರೀಸೈಜ್2ಎಫ್‌ಎಸ್’. ಎಕ್ಸ್‌ಎಫ್‌ಎಸ್ ಆದರೆ ‘ಎಕ್ಸ್‌ಎಫ್‌ಎಸ್_ಗ್ರೋಎಫ್‌ಎಸ್’.

ಇಲ್ಲಿ ಎರಡು ತೊಡಕು ಬರಬಹುದು. ಡಿಸ್ಕ್ 100 ಪರ್ಸೆಂಟ್ ತುಂಬಿದ್ದರೆ ಗ್ರೋಪಾರ್ಟ್ ಕೂಡ ‘ನೋ ಸ್ಪೇಸ್ ಲೆಫ್ಟ್’ ಅಂತಲೇ ಬೀಳುತ್ತದೆ. ಅದಕ್ಕೆ ‘/ಟಿಎಂಪಿ’ಯಲ್ಲಿ ಒಂದು ಚಿಕ್ಕ ಡೈರೆಕ್ಟರಿ ಬೇಕು. ಜಾಗ ಮಾಡಲು ಹೊರಟವನಿಗೇ ನಿಲ್ಲಲು ಜಾಗವಿಲ್ಲ! ‘ಸುಡೊ ಆಪ್ಟ್ ಕ್ಲೀನ್’ ಕೊಟ್ಟು ಕೆಲವು ಎಂಬಿ ಬಿಡಿಸಿಕೊಂಡರೆ ಸಾಕು. ಎರಡನೆಯದು ಹಳೆಯ ಡೆಬಿಯನ್, ಉಬುಂಟು ಮಷೀನ್‌ಗಳಲ್ಲಿ. ರೂಟ್ ಪಾರ್ಟಿಷನ್ ಆದ ತಕ್ಷಣ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಜಾಗ) ಪಾರ್ಟಿಷನ್ ಕೂತಿರುತ್ತದೆ, ಹೊಸ ಜಾಗ ಅದರ ಆಚೆ. ಪಾರ್ಟಿಷನ್ ಬೆಳೆಯುವುದು ಪಕ್ಕದ ಖಾಲಿ ಜಾಗಕ್ಕೆ ಮಾತ್ರ. ಸ್ವಾಪ್ ನಿಲ್ಲಿಸಿ, ಆ ಪಾರ್ಟಿಷನ್ ತೆಗೆದು, ರೂಟ್ ಬೆಳೆಸಿ, ಸ್ವಾಪನ್ನು ಫೈಲ್ ಆಗಿ ಮತ್ತೆ ಮಾಡಿ. ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿಯಾದ ‘ಎಫ್‌ಎಸ್‌ಟ್ಯಾಬ್’ನಲ್ಲಿ ಹಳೆಯ ಸ್ವಾಪ್‌ನ ಸಾಲು ತೆಗೆಯಲು ಮರೆತರೆ ಮುಂದಿನ ಬೂಟ್‌ನಲ್ಲಿ ಅದು ಇಲ್ಲದ ಡಿಸ್ಕ್‌ಗಾಗಿ ಒಂದೂವರೆ ನಿಮಿಷ ಕಾಯುತ್ತಾ ಕೂರುತ್ತದೆ.

ತುಂಬಿರುವುದು ಲ್ಯಾಪ್‌ಟಾಪೇ ಆಗಿದ್ದರೆ

ಗೆಸ್ಟ್ ಒಳಗೆ ಎಲ್ಲ ಚೆನ್ನಾಗಿದೆ, ಆದರೆ ವಿಎಂ ಇದ್ದಕ್ಕಿದ್ದಂತೆ ಪಾಜ್ ಆಗಿ ನಿಂತಿದೆ. ಡಿಸ್ಕ್ ಫುಲ್ ಅನ್ನುವ ಸಂದೇಶ ಬಂದಿದೆ. ಇದು ಸಂಪು. ಡೈನಮಿಕ್ ವಿಡಿಐ ಮೊದಲು ಚಿಕ್ಕದಿದ್ದು ಬರೆದಂತೆಲ್ಲ ಬೆಳೆಯುತ್ತದೆ, ಹೋಸ್ಟ್‌ನ ಸಿ ಡ್ರೈವ್ ತುಂಬಿದಾಗ ಬೆಳೆಯಲು ದಾರಿ ಇರುವುದಿಲ್ಲ. ಗಾಬರಿಯಲ್ಲಿ ರೀಸೆಟ್ ಒತ್ತಬೇಡಿ. ವರ್ಚುವಲ್‌ಬಾಕ್ಸ್ ನಿಲ್ಲಿಸಿರುವುದೇ ಡೇಟಾ ಉಳಿಸಲು. ಹೋಸ್ಟ್‌ನಲ್ಲಿ ಒಂದಷ್ಟು ಜಿಬಿ ಖಾಲಿ ಮಾಡಿ, ರೆಸ್ಯೂಮ್ ಕೊಡಿ. ಬಿಟ್ಟ ಕಡೆಯಿಂದಲೇ ಮುಂದುವರಿಯುತ್ತದೆ.

ಗೆಸ್ಟ್‌ನಲ್ಲಿ 20 ಜಿಬಿ ಅಳಿಸಿದರೂ ವಿಡಿಐ ಫೈಲ್ ಇಳಿಯುವುದಿಲ್ಲ. ಅಳಿಸಿದ ಜಾಗದಲ್ಲಿ ಹಳೆಯ ಬೈಟ್‌ಗಳು ಹಾಗೇ ಇರುತ್ತವೆ, ಅದು ಕಸ ಅಂತ ವರ್ಚುವಲ್‌ಬಾಕ್ಸ್‌ಗೆ ತಿಳಿಯುವುದು ಹೇಗೆ? ಆ ಜಾಗವನ್ನು ಸೊನ್ನೆಗಳಿಂದ ತುಂಬಿಸಬೇಕು. ಡೇಟಾಬೇಸ್‌ಗಳನ್ನು, ಡಾಕರನ್ನು ನಿಲ್ಲಿಸಿ. ‘ಡಿಡಿ’ ಬಳಸಿ ‘/ಡೆವ್/ಝೀರೋ’ದಿಂದ ಒಂದು ಫೈಲಿಗೆ ಡಿಸ್ಕ್ ತುಂಬುವವರೆಗೆ ಬರೆಯಿರಿ, ಆಮೇಲೆ ಆ ಫೈಲ್ ಅಳಿಸಿ, ಶಟ್‌ಡೌನ್ ಮಾಡಿ. ಹೋಸ್ಟ್‌ನಲ್ಲಿ ‘ಮಾಡಿಫೈಮೀಡಿಯಂ’ಗೆ ‘--ಕಾಂಪ್ಯಾಕ್ಟ್’ ಕೊಡಿ. ಕ್ಯೂಕೌ2 ಬಳಸುವವರಿಗೆ ಒಂದು ಎಚ್ಚರಿಕೆ: ಸೊನ್ನೆ ತುಂಬುವಾಗ ಫೈಲ್ ಪೂರ್ತಿ ಗಾತ್ರಕ್ಕೆ ಉಬ್ಬಬಹುದು. ಹೋಸ್ಟ್ ತುಂಬಿರುವಾಗ ಅದು ಉರಿಯುವ ಬೆಂಕಿಗೆ ಎಣ್ಣೆ. ಅಲ್ಲಿ ಡಿಸ್ಕ್‌ಗೆ ಡಿಸ್ಕಾರ್ಡ್ (ಖಾಲಿಯಾದ ಜಾಗವನ್ನು ಹೋಸ್ಟ್‌ಗೆ ತಿಳಿಸುವ ಆಪ್ಷನ್) ಆನ್ ಮಾಡಿ, ಒಳಗೆ ‘ಎಫ್‌ಎಸ್‌ಟ್ರಿಮ್’ ಓಡಿಸುವುದು ಉತ್ತಮ.

ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್2 ಬಳಸುವವರು ತಮಗೆ ವಿಎಂ ಇಲ್ಲ ಅಂದುಕೊಂಡಿರುತ್ತಾರೆ. ಅದೂ ವಿಎಂ ಆಗಿದ್ದು, ‘ಎಕ್ಸ್‌ಟಿ4 ಡಾಟ್ ವಿಎಚ್‌ಡಿಎಕ್ಸ್’ ಅನ್ನುವ ಫೈಲ್ ನಿಮ್ಮ ಯೂಸರ್ ಫೋಲ್ಡರ್‌ನ ಆಳದಲ್ಲಿ ಕೂತು ಬೆಳೆಯುತ್ತಿರುತ್ತದೆ. ಒಳಗಿನ ಕಸ ತೆಗೆದ ಮೇಲೆ ‘ಡಬ್ಲ್ಯೂಎಸ್‌ಎಲ್ --ಶಟ್‌ಡೌನ್’ ಕೊಡಿ. ಡಿಸ್ಕ್‌ಪಾರ್ಟ್‌ನಲ್ಲಿ ಆ ಫೈಲನ್ನು ವಿಡಿಸ್ಕ್ ಆಗಿ ಸೆಲೆಕ್ಟ್ ಮಾಡಿ, ರೀಡ್‌ಓನ್ಲಿಯಾಗಿ ಅಟ್ಯಾಚ್ ಮಾಡಿ, ‘ಕಾಂಪ್ಯಾಕ್ಟ್ ವಿಡಿಸ್ಕ್’ ಕೊಟ್ಟು, ಡಿಟ್ಯಾಚ್ ಮಾಡಿ. ವಿಂಡೋಸ್ ಹೋಮ್‌ನಲ್ಲೂ ಇದು ನಡೆಯುತ್ತದೆ.

ಡಿಸ್ಕ್ ರೀಡ್‌ಓನ್ಲಿ ಆಗಿದ್ದರೆ

ಇದು ಬೇರೆಯೇ ಜಾತಿಯ ದೋಷ. ‘ರೀಡ್ ಓನ್ಲಿ ಫೈಲ್ ಸಿಸ್ಟಂ’ ಅಂತ ಬಂದರೆ ಜಾಗದ ಮಾತು ಅಲ್ಲಿಗೇ ಬಿಡಿ. ಬ್ಯಾಟರಿ ಸತ್ತು ಲ್ಯಾಪ್‌ಟಾಪ್ ಧುತ್ತನೆ ಆಫ್ ಆದ ಮೇಲೆ ಇದು ಕಾಣಿಸಿಕೊಳ್ಳುವುದುಂಟು. ಕರ್ನಲ್ ಸಂದೇಶಗಳನ್ನು ತೋರಿಸುವ ‘ಡಿಮೆಸ್‌ಜಿ’ ಓದಿ. ಎಕ್ಸ್‌ಟಿ4 ಎರರ್ ಸಾಲುಗಳು ಇದ್ದರೆ ಫೈಲ್‌ಸಿಸ್ಟಂ ತನ್ನಲ್ಲೇ ತಪ್ಪು ಕಂಡು ಬರೆಯುವುದನ್ನು ನಿಲ್ಲಿಸಿದೆ. ಬಲವಂತವಾಗಿ ರೀಮೌಂಟ್ ಮಾಡಬೇಡಿ. ಶಟ್‌ಡೌನ್ ಮಾಡಿ, ವಿಡಿಐ ಕಾಪಿ ಮಾಡಿ, ಉಬುಂಟು ಐಎಸ್‌ಒ ಹಾಕಿ ಲೈವ್ ಆಗಿ ಬೂಟ್ ಮಾಡಿ, ಮೌಂಟ್ ಆಗದ ಸ್ಥಿತಿಯಲ್ಲಿ ಫೈಲ್‌ಸಿಸ್ಟಂ ರಿಪೇರಿ ಮಾಡುವ ‘ಎಫ್‌ಎಸ್‌ಸಿಕೆ’ ಓಡಿಸಿ. ಹೋಸ್ಟ್‌ನ ಡಿಸ್ಕ್ ಕೂಡ ನೋಡಿ. ಎಫ್‌ಎಸ್‌ಸಿಕೆ ಮಾಡಿದ ಮೇಲೂ ವಾರಕ್ಕೊಮ್ಮೆ ಇದೇ ಆಗುತ್ತಿದ್ದರೆ ನಿಜವಾದ ಡಿಸ್ಕ್ ಕೆಡುತ್ತಿರಬಹುದು. ಕ್ಯೂಕೌ2 ಆದರೆ ‘ಕೆಮು-ಇಮೇಜ್ ಚೆಕ್’ ಇದೆ, ಆದರೆ ವಿಎಂ ಓಡುತ್ತಿರುವಾಗ ಆ ಫೈಲಿನ ಮೇಲೆ ರಿಪೇರಿ ಮಾಡಬೇಡಿ. ಇಬ್ಬರು ಒಂದೇ ಪುಸ್ತಕದಲ್ಲಿ ಒಟ್ಟಿಗೆ ಬರೆದ ಹಾಗಾಗುತ್ತದೆ.

ಕಾಪಿ ಮಾಡಿದ ವಿಡಿಐಯನ್ನು ಜೋಡಿಸಲು ಹೋದಾಗ ‘ಯುಯುಐಡಿ ಆಗಲೇ ಇದೆ’ ಅನ್ನುವ ಎರರ್ ಬಂದರೆ ಹೆದರಬೇಡಿ. ಫೈಲ್ ಕೆಟ್ಟಿಲ್ಲ. ಒಂದೇ ಗುರುತಿನ ಸಂಖ್ಯೆ ಎರಡು ಫೈಲಿಗೆ ಇದೆ, ಅಷ್ಟೇ. ‘ವಿಬಾಕ್ಸ್‌ಮ್ಯಾನೇಜ್ ಇಂಟರ್ನಲ್‌ಕಮಾಂಡ್ಸ್ ಸೆಟ್‌ಎಚ್‌ಡಿಯುಯುಐಡಿ’ ಕೊಟ್ಟರೆ ಕಾಪಿಗೆ ಹೊಸ ಸಂಖ್ಯೆ ಬರುತ್ತದೆ.

ಆ ಹುಡುಗನ ಮಷೀನಿಗೆ ಗ್ರೋಪಾರ್ಟ್, ಪಿವಿರೀಸೈಜ್, ಎಲ್‌ವಿಎಕ್ಸ್‌ಟೆಂಡ್ ಮೂರೂ ಮಾಡಿ ಒಂದು ತಿಂಗಳು ಆಗಿತ್ತು, ಮತ್ತೆ ಬಂದ. ಈ ಸಲ ತಾನೇ ಡಿಯು ಓಡಿಸಿಕೊಂಡು ಬಂದಿದ್ದ. ಒಂದು ಕಂಟೇನರ್‌ನ ಜೇಸನ್ ಲಾಗ್ ಒಂದೇ 31 ಜಿಬಿ. ಡಾಕರ್‌ನ ಮಾಮೂಲಿ ಸೆಟಿಂಗ್‌ನಲ್ಲಿ ಆ ಲಾಗ್‌ಗೆ ಮಿತಿಯೇ ಇಲ್ಲ. ‘ಡೀಮನ್ ಡಾಟ್ ಜೇಸನ್’ ಫೈಲಿನಲ್ಲಿ ಮ್ಯಾಕ್ಸ್-ಸೈಜ್ 10 ಎಂಬಿ, ಮ್ಯಾಕ್ಸ್-ಫೈಲ್ 3 ಅಂತ ಹಾಕಿಸಿದೆ. ಡಾಕರ್ ರೀಸ್ಟಾರ್ಟ್ ಮಾಡಿದ ಮೇಲೂ ಲಾಗ್ ಬೆಳೆಯುತ್ತಲೇ ಇತ್ತು. ಆ ಸೆಟಿಂಗ್ ಹೊಸದಾಗಿ ಹುಟ್ಟುವ ಕಂಟೇನರ್‌ಗಳಿಗೆ ಮಾತ್ರ. ಹಳೆಯದನ್ನು ತೆಗೆದು ಮತ್ತೆ ಮಾಡಿದ ಮೇಲೆಯೇ ಅದು ನಿಂತಿದ್ದು.